ಹಾಲಕ್ಕಿ ಸುಗ್ಗಿ ನೋಡಲು ಬರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಅಂಕೋಲೆ, ಕುಮಟೆ ಕಡೆಯ ನಮ್ಮಂಥವರಿಗೆ ಫೋನು ಬರಲು ಶುರುವಾಗುತ್ತದೆ. ಬೆಂಗಳೂರಿನ ಗೆಳೆಯರು, ಅವರ ಗೆಳೆಯರು, ಜಾನಪದ ಓದುವ ಹುಡುಗರು, ಕ್ಯಾಮೆರಾ ಹಿಡಿದವರು, ಎಲ್ಲರದೂ ಹೆಚ್ಚುಕಡಿಮೆ ಅವವೇ ಪ್ರಶ್ನೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದೆಡೆ ಬರೆದಿಟ್ಟಿದ್ದೇನೆ. ನಾನು ಹಾಲಕ್ಕಿಯವನಲ್ಲ. ಅವರ ಕೇರಿಯ ನೆರೆಯಲ್ಲಿ, ಅವರ ಗುಮಟೆ ವಾದ್ಯದ ಸದ್ದು ಕೇಳುತ್ತ ಬೆಳೆದವನು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಸುಗ್ಗಿ ಎಂದರೆ ಗಂಡಸರು ತಂಡ ಕಟ್ಟಿಕೊಂಡು, ವೇಷ ತೊಟ್ಟು ಮನೆಮನೆಗೆ ಹೋಗಿ ಕುಣಿಯುವ ಹಬ್ಬ, ಅದನ್ನು ನೋಡಬೇಕಾದ ಜಾಗ ಮನೆಯಂಗಳ. ವೇದಿಕೆಯ ಮೇಲೆ ನೋಡಿದ್ದೇನೆ ಎನ್ನುವವರು ಅದರ ಬಣ್ಣವನ್ನಷ್ಟೇ ನೋಡಿರುತ್ತಾರೆ.

ಹಾಲಕ್ಕಿಗಳು ಯಾರು?

ಉತ್ತರ ಕನ್ನಡದ ಕರಾವಳಿಯಲ್ಲಿ, ಘಟ್ಟದ ಬುಡಕ್ಕೂ ಕಡಲಿಗೂ ನಡುವಿನ ಪಟ್ಟಿಯಲ್ಲಿ ಬಾಳುತ್ತಿರುವ ಒಕ್ಕಲು ಸಮುದಾಯ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ಅವರ ಕೇರಿಗಳಿವೆ. ಕೇರಿಗೆ ಇಲ್ಲಿ ಕೊಪ್ಪ ಎನ್ನುತ್ತಾರೆ. ಒಂದೊಂದು ಕೊಪ್ಪಕ್ಕೂ ಒಬ್ಬ ಗೌಡ, ಅವನ ಜತೆಗೆ ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಮದುವೆ, ಜಗಳ, ಹಬ್ಬ ಎಲ್ಲಕ್ಕೂ ಇವರ ಮಾತು ಬೇಕು. ಸುಗ್ಗಿ ಕಟ್ಟುವುದೋ ಬೇಡವೋ ಎಂಬುದೂ ತೀರ್ಮಾನವಾಗುವುದು ಇವರ ಮುಂದೆಯೇ.

ಬಹುಪಾಲು ಜನ ತಲೆತಲಾಂತರದಿಂದ ಗೇಣಿ ಮಾಡಿದವರು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಕೆಲವರ ಹೆಸರಿಗೆ ಗದ್ದೆ ಆಯಿತು. ಭತ್ತ, ಶೇಂಗಾ, ತರಕಾರಿ ಬೆಳೆಯುತ್ತಾರೆ. ಅಂಕೋಲೆ, ಗೋಕರ್ಣದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ, ಕೊರಳ ತುಂಬ ಕರಿಮಣಿ ಸರ ತೊಟ್ಟ ಹೆಂಗಸರಿಂದ ನೀವು ಬಸಳೆಯನ್ನೋ ಹರಿವೆಯನ್ನೋ ಕೊಂಡಿರಬಹುದು. ಅವರೇ ಇವರು. ಕಾಡಿನ ಗಿಡಗಳನ್ನು ಸಾಕಿ ಬೆಳೆಸಿದ ತುಳಸಿ ಗೌಡ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಆ ತಾಯಿ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ.

ಸುಗ್ಗಿ ಎಂದರೆ ಸಂಕ್ರಾಂತಿ ಅಲ್ಲವೇ?

ಮೈಸೂರು ಕಡೆಯವರಿಗೆ ಹೌದು. ನಮ್ಮಲ್ಲಿ ಸುಗ್ಗಿ ಎಂದರೆ ಫಾಲ್ಗುಣ ಮಾಸದ ಹಬ್ಬ.

ಯಾವ ದಿನ ಬರಬೇಕು?

ಹೋಳಿ ಹುಣ್ಣಿಮೆಗೆ ಮೊದಲಿನ ಕೆಲವು ದಿನಗಳಲ್ಲಿ ಬನ್ನಿ. ತಂಡಗಳು ಮನೆಮನೆಗೆ ಹೋಗುವುದು ಆಗಲೇ. ಹುಣ್ಣಿಮೆಯ ಹೊತ್ತಿಗೆ ಪೇಟೆಯಲ್ಲಿ ಜನಜಾತ್ರೆ, ಕಾಮದಹನ, ಹಗರಣವೆಂಬ ವೇಷಗಳ ಆಟ. ಹುಣ್ಣಿಮೆ ಕಳೆದು ಬಂದವರಿಗೆ ಏನೂ ಸಿಗುವುದಿಲ್ಲ, ಅಷ್ಟರಲ್ಲಿ ಕುಣಿಯುವವರು ತಲೆಯ ಮೇಲಿನ ತುರಾಯಿ ಇಳಿಸಿರುತ್ತಾರೆ.

ತಾರೀಕು ವರ್ಷವರ್ಷಕ್ಕೂ ಬದಲಾಗುತ್ತದೆ. 2025ರಲ್ಲಿ ಹುಣ್ಣಿಮೆ ಮಾರ್ಚ್ ಮಧ್ಯದಲ್ಲಿತ್ತು, 2026ರಲ್ಲಿ ಮಾರ್ಚ್ ಮೊದಲ ವಾರಕ್ಕೇ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರಿದ್ದರಿಂದ 2027ರಲ್ಲಿ ಮಾರ್ಚ್ 22ರ ಸುಮಾರಿಗೆ ಬೀಳುತ್ತದೆ. ಪಂಚಾಂಗ ನೋಡಿದರೆ ಸಾಲದು, ಕೊಪ್ಪದಲ್ಲಿ ಪರಿಚಯ ಇರುವ ಯಾರನ್ನಾದರೂ ಕೇಳಿಕೊಂಡು ಹೊರಡಿ. ಊರಲ್ಲಿ ಸಾವಾಗಿ ಸೂತಕ ಬಂದರೆ, ಹುಡುಗರು ಕಡಿಮೆ ಬಿದ್ದರೆ ಆ ವರ್ಷ ಸುಗ್ಗಿ ಕಟ್ಟದೆಯೂ ಇರಬಹುದು.

ಟಿಕೆಟ್ ಇದೆಯೇ? ಕೂರಲು ವ್ಯವಸ್ಥೆ?

ಎರಡೂ ಇಲ್ಲ. ಅಂಗಳದ ಅಂಚಿನಲ್ಲಿ ನಿಂತು ನೋಡುವುದು. ಮನೆಯವರು ಜಗಲಿ ತೋರಿಸಿ ‘ಕೂತ್ಕಣಿ’ ಎಂದರೆ ಕೂರಿ.

ತಲೆಯ ಮೇಲಿನ ಆ ಹೂಗೊಂಡೆಯಂಥದ್ದು ಏನು?

ಅದೇ ತುರಾಯಿ. ಸುಗ್ಗಿಯ ಚಿತ್ರ ಎಲ್ಲಿ ಕಂಡರೂ ಮೊದಲು ಕಣ್ಣಿಗೆ ಬೀಳುವುದು ಇದು. ದೂರದಿಂದ ನೋಡಿದವರು ಹೂ ಎಂದುಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿ. ಬೆಂಡನ್ನು ತೆಳ್ಳಗೆ ಸೀಳಿ, ಸುರುಳಿ ಸುತ್ತಿ, ಅಂಚು ಕತ್ತರಿಸಿ ಬಿಡಿಸಿದ ಎಸಳುಗಳು. ಬೆಂಡು ಎಂದರೆ ಕೆಸರುನೀರಲ್ಲಿ ಬೆಳೆಯುವ ಗಿಡದ ಒಳಗಿನ ಬಿಳಿ ತಿರುಳು. ಕೈಗೆ ಹಗುರ, ಬಣ್ಣ ಹಾಕಿದರೆ ಚೆನ್ನಾಗಿ ಹೀರುತ್ತದೆ. ಅದರ ನಡುವೆ ಬಣ್ಣದ ಕಾಗದ, ಮಿನುಗುವ ಬೇಗಡೆ, ಮೇಲೆ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಹಕ್ಕಿಗಳು. ಕುಣಿಯುವವ ಹೆಜ್ಜೆ ಹಾಕಿದಂತೆ ಆ ಹಕ್ಕಿಗಳು ತೂಗಬೇಕು. ತೂಗದಿದ್ದರೆ ಕಟ್ಟಿದ್ದು ಸರಿಯಾಗಿಲ್ಲ ಎಂದು ಹಿರಿಯರು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾರೆ.

ಕಟ್ಟುವ ಕೆಲಸ ಹಬ್ಬಕ್ಕೆ ಬಹಳ ಮೊದಲೇ ಶುರು. ಗದ್ದೆ ಕೆಲಸ ಮುಗಿಸಿ ಬಂದು ರಾತ್ರಿ ಕೂತು ಕಟ್ಟುತ್ತಾರೆ. ಒಬ್ಬ ಬೆಂಡು ಸೀಳುತ್ತಾನೆ, ಇನ್ನೊಬ್ಬ ಬಣ್ಣ ಅದ್ದುತ್ತಾನೆ, ಹುಡುಗರು ಕಾಗದ ಕತ್ತರಿಸುತ್ತಾರೆ. ಈಚೆಗೆ ಪೇಟೆಯ ಪ್ಲಾಸ್ಟಿಕ್ ಹೂ, ಥರ್ಮೋಕೋಲ್ ಕೂಡ ಸೇರಿವೆ. ಬೆಂಡು ಸಿಗುವ ಜಾಗಗಳು ಕಡಿಮೆಯಾಗಿವೆ, ಬೇರೆ ದಾರಿ ಇಲ್ಲ ಎನ್ನುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೆಂಡಿನ ತುರಾಯಿಯ ಮೇಲೆ ಇಳಿಬಿಸಿಲು ಬಿದ್ದಾಗ ಬರುವ ಮೃದು ಕಾಂತಿ ಪ್ಲಾಸ್ಟಿಕ್ಕಿಗೆ ಎಂದೂ ಬರುವುದಿಲ್ಲ.

ತುರಾಯಿ ಜಾರದಂತೆ ಹಣೆಗೆ ಬಟ್ಟೆ ಬಿಗಿದು ಕಟ್ಟುತ್ತಾರೆ. ಮೈಗೆ ಉದ್ದನೆಯ ನಿಲುವಂಗಿ, ಮೇಲೆ ಅಡ್ಡಡ್ಡ ಬಿಗಿದ ಬಣ್ಣದ ಸೀರೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ನವಿಲುಗರಿಯ ಕುಂಚ. ಮಾರ್ಚಿನ ಕರಾವಳಿ ಸೆಕೆಯಲ್ಲಿ ಇಷ್ಟೆಲ್ಲ ಹೊತ್ತು ಮನೆಯಿಂದ ಮನೆಗೆ ನಡೆಯುವುದನ್ನು ನೆನೆಸಿಕೊಳ್ಳಿ. ಹಲವು ಕೊಪ್ಪಗಳಲ್ಲಿ ಸುಗ್ಗಿ ಕಟ್ಟಿದವರು ಆ ದಿನಗಳಲ್ಲಿ ಬರಿಗಾಲು, ಮೀನು ಮುಟ್ಟುವುದಿಲ್ಲ, ವ್ರತದಲ್ಲಿರುತ್ತಾರೆ. ಕರಾವಳಿಯಲ್ಲಿ ಹುಟ್ಟಿದವನಿಗೆ ಮೀನು ಬಿಡುವುದು ಎಷ್ಟು ಕಷ್ಟ ಎಂಬುದು ನಮಗೆ ಗೊತ್ತು!

ಅಂಗಳದಲ್ಲಿ ನಡೆಯುವುದೇನು?

ತಂಡ ಮೊದಲು ದೇವರ ಮುಂದೆ ಹೊರಡುತ್ತದೆ, ಆಮೇಲೆ ಗೌಡರ ಮನೆ, ಅಲ್ಲಿಂದ ಒಂದೊಂದೇ ಅಂಗಳ. ತಂಡ ಬರುವುದು ಕಾಣುವುದಕ್ಕೆ ಮೊದಲೇ ಕೇಳಿಸುತ್ತದೆ. ಗುಮಟೆ, ಜಾಗಟೆಯ ಸದ್ದು, ನಡುನಡುವೆ ‘ಹೋ’ ಎಂದು ಎತ್ತಿ ‘ಚೋ’ ಎಂದು ಬಿಡುವ ಕೂಗು. ಆ ಕೂಗು ಕೇಳಿದ ಕೂಡಲೆ ಮನೆಯ ಹೆಂಗಸರು ಸಗಣಿ ಸಾರಿಸಿದ ಅಂಗಳಕ್ಕೆ ಇನ್ನೊಮ್ಮೆ ಪೊರಕೆ ಆಡಿಸುತ್ತಾರೆ, ಮಕ್ಕಳು ದಣಪೆ ದಾಟಿ ಓಡುತ್ತಾರೆ.

ಕುಣಿಯುವವರು ಸುತ್ತು ಕಟ್ಟುತ್ತಾರೆ. ಹೆಜ್ಜೆ ನೋಡಲು ಸರಳ: ಎರಡು ಮುಂದೆ, ಸಣ್ಣದೊಂದು ಬಾಗು, ತಿರುಗು. ಮೊದಲ ಸುತ್ತು ನಿಧಾನ. ಗುಮಟೆಯವ ಕೈ ಬಿರುಸು ಮಾಡಿದಂತೆ ಸುತ್ತು ಬಿಗಿಯುತ್ತದೆ, ಎಲ್ಲರ ಕುಂಚವೂ ಒಟ್ಟಿಗೆ ಏಳುತ್ತದೆ, ಒಟ್ಟಿಗೆ ಇಳಿಯುತ್ತದೆ. ಇಪ್ಪತ್ತರ ಹುಡುಗನೂ ಅರವತ್ತು ದಾಟಿದ ಅಜ್ಜನೂ ಅದೇ ಸುತ್ತಿನಲ್ಲಿ ಇರುತ್ತಾರೆ. ನನ್ನ ಕಣ್ಣು ಯಾವಾಗಲೂ ಅಜ್ಜಂದಿರ ಕಾಲಿನ ಮೇಲೆ. ಅವರು ನೆಲವನ್ನು ಒದೆಯುವುದಿಲ್ಲ, ಪಾದ ಇಡುತ್ತಾರೆ, ಅಷ್ಟೇ. ಹುಡುಗರಿಗೆ ಅದು ಬರಲು ವರ್ಷಗಳೇ ಬೇಕು.

ಕುಣಿತ ಮುಗಿದ ಮೇಲೆ ಮನೆಯೊಡತಿ ಆರತಿ ಎತ್ತಿ ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು ಕೊಡುತ್ತಾಳೆ. ತಂಡದವರು ಮನೆಗೆ, ದನಕರುಗಳಿಗೆ, ಬೆಳೆಗೆ ಒಳ್ಳೆಯದಾಗಲಿ ಎಂದು ಹರಸುತ್ತಾರೆ. ಆ ವರ್ಷ ಮನೆಯಲ್ಲಿ ಮದುವೆಯಾಗಿದ್ದರೆ, ಮಗು ಹುಟ್ಟಿದ್ದರೆ ಹಿರಿಯರಿಗೆ ಅದು ಗೊತ್ತಿರುತ್ತದೆ. ಹರಸುವ ಮಾತಿನಲ್ಲಿ ಅದೂ ಸೇರುತ್ತದೆ. ವೇದಿಕೆಯ ಮೇಲೆ ಈ ಭಾಗವೇ ಇರುವುದಿಲ್ಲ. ಯಾರನ್ನು ಹರಸುವುದು ಅಲ್ಲಿ?

ಗುಮಟೆ ಎಂದರೇನು? ತಮಟೆಯ ಹಾಗೆಯೇ?

ತಮಟೆಯಲ್ಲ. ಗುಮಟೆ ಮಣ್ಣಿನ ವಾದ್ಯ, ಎರಡೂ ಕಡೆ ಬಾಯಿ ಇರುವ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿ ತೆರೆದಿರುತ್ತದೆ. ಕೊರಳಿಗೆ ನೇತುಹಾಕಿಕೊಂಡು ಬಲಗೈಯಿಂದ ಚರ್ಮಕ್ಕೆ ಬಾರಿಸುತ್ತಾರೆ, ಎಡಗೈ ಅಂಗೈಯಿಂದ ಸಣ್ಣ ಬಾಯನ್ನು ಮುಚ್ಚಿ ತೆರೆದು ಮಾಡುತ್ತಾರೆ. ಮುಚ್ಚಿದಾಗ ಸದ್ದು ಒಳಗೇ ಗುಂಯ್‌ಗುಟ್ಟುತ್ತದೆ, ತೆರೆದಾಗ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಬಲಗೈ ತಾಳ ಹಿಡಿದರೆ ಹಾಡಿನ ಭಾವ ಹೇಳುವುದು ಎಡಗೈ. ಹೊಸಬರೆಲ್ಲ ಬಲಗೈಯನ್ನೇ ನೋಡುತ್ತಾರೆ, ನೀವು ಎಡಗೈ ನೋಡಿ.

ಇಬ್ಬನಿ ಬಿದ್ದು ಚರ್ಮ ಸಡಿಲವಾದರೆ ಸದ್ದು ಕುಗ್ಗುತ್ತದೆ. ಆಗ ಆಟ ನಿಲ್ಲಿಸಿ, ತರಗೆಲೆಯ ಬೆಂಕಿ ಮಾಡಿ, ಗುಮಟೆಯ ಮುಖ ಕಾಯಿಸಿ, ಬೆರಳಲ್ಲಿ ತಟ್ಟಿ ಕೇಳಿ ಮತ್ತೆ ಹೊರಡುತ್ತಾರೆ. ಗುಮಟೆ ಸುಗ್ಗಿಗೆ ಮಾತ್ರ ಮೀಸಲಲ್ಲ. ನಾಲ್ಕಾರು ಗುಮಟೆ, ಜಾಗಟೆ, ತಾಳ ಸೇರಿಸಿ ಕೂತು ಹಾಡುವುದಕ್ಕೆ ಗುಮಟೆ ಪಾಂಗ್ ಎನ್ನುತ್ತಾರೆ. ಚೌತಿಯ ರಾತ್ರಿಗಳಲ್ಲಿ ರಾಮಾಯಣ, ಮಹಾಭಾರತದ ಕತೆಗಳನ್ನು ಹೀಗೆ ಹಾಡುವುದುಂಟು.

ಉಡದ ಚರ್ಮ ಬಳಸುತ್ತಾರಂತೆ, ನಿಜವೇ?

ಹಿಂದೆ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಹಿಡಿಯುವುದು, ಕೊಲ್ಲುವುದು, ಅದರ ಚರ್ಮ ಇಟ್ಟುಕೊಳ್ಳುವುದು ಅಪರಾಧ. ಈಗ ಆಡಿನ ಚರ್ಮ ಬಿಗಿಯುತ್ತಾರೆ. ಇದೇ ವಾದ್ಯ ಗೋವೆಯಲ್ಲಿ ಘುಮಟ. ಅಲ್ಲಿನ ಸರಕಾರ 2019ರಲ್ಲಿ ಅದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ನಮ್ಮ ಸರಕಾರಕ್ಕೂ ಅಂಥ ಮನಸ್ಸು ಬರಲಿ ಎಂದು ನನ್ನ ಆಸೆ.

ಹಗರಣ ಎಂದರೆ ಗಲಾಟೆಯೇ? ಮಕ್ಕಳನ್ನು ಕರೆತರಬಹುದೇ?

ಕರೆತನ್ನಿ, ಮಕ್ಕಳು ಬಿದ್ದು ಬಿದ್ದು ನಗುವುದು ಅಲ್ಲೇ. ಹಗರಣ ಎಂದರೆ ಸುಗ್ಗಿಯ ಕೊನೆಯಲ್ಲಿ ನಡೆಯುವ ವೇಷಗಳ ಆಟ. ಡಾಕ್ಟರು, ಪೊಲೀಸು, ಮಾಸ್ತರು, ಮದುಮಗಳು, ಕರಡಿ, ಓಟು ಕೇಳಲು ಬಂದ ಮುಖಂಡ, ಯಾರ ವೇಷವೂ ಬರಬಹುದು. ಬರೆದಿಟ್ಟ ಮಾತಿಲ್ಲ. ಊರಿನಲ್ಲಿ ಆ ವರ್ಷ ನಡೆದದ್ದೇ ಸರಕು. ನೀರು ಬಾರದ ನಲ್ಲಿ, ಗುಂಡಿ ಬಿದ್ದ ರಸ್ತೆ, ಕಚೇರಿಯಲ್ಲಿ ನಾಳೆ ಬಾ ಎಂದವರು ಎಲ್ಲರೂ ಅಲ್ಲಿ ಹಾಜರಾಗುತ್ತಾರೆ. ವರ್ಷವಿಡೀ ಒಡೆಯರ ಎದುರು, ಅಧಿಕಾರಿಗಳ ಎದುರು ತಲೆ ತಗ್ಗಿಸಿ ನಿಂತ ಜನ ಅಂದು ಅವರೆದುರೇ ಅವರ ನಡಿಗೆ ನಡೆದು ತೋರಿಸುತ್ತಿದ್ದರು, ಅವರೂ ನಗಲೇಬೇಕಿತ್ತು. ಈ ಕಲೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ಸುಗ್ಗಿಯ ಬಣ್ಣ ಪತ್ರಿಕೆಗಳ ಪುಟಕ್ಕೆ ಬರುತ್ತದೆ, ಹಗರಣದ ಬುದ್ಧಿವಂತಿಕೆ ಬರುವುದಿಲ್ಲ.

ಬೆಳಂಬರದ ಸುಗ್ಗಿ ತಹಶೀಲ್ದಾರ ಕಚೇರಿಗೆ ಹೋಗುವುದು ಯಾಕೆ?

ನಾಟಿ ಔಷಧಿಗೆ ಹೆಸರಾದ ಬೆಳಂಬರ ಅಂಕೋಲೆಯ ಪಕ್ಕದ ಊರು. ಅಲ್ಲಿನ ತಂಡ ಪೇಟೆಗೆ ಬಂದು ತಹಶೀಲ್ದಾರ ಕಚೇರಿಯ ಎದುರು ಕುಣಿದು, ಸರಕಾರದ ಪರವಾಗಿ ಕಾಣಿಕೆ ಪಡೆಯುವ ರೂಢಿ ಇದೆ. ಬ್ರಿಟಿಷರ ಕಾಲದಲ್ಲಿ ತಮ್ಮ ಹಿರಿಯರಿಗೆ ತಾಮ್ರದ ಫಲಕ ಸಿಕ್ಕಿತ್ತೆಂದು ತಂಡದವರು ಹೇಳುತ್ತಾರೆ, ಅದನ್ನು ಹಿಡಿದುಕೊಂಡೇ ಬರುತ್ತಾರೆ. ಅಂಕೋಲೆಯ ಪೇಟೆಬೀದಿ ಅಂದು ಇಕ್ಕೆಲದಲ್ಲೂ ಕಿಕ್ಕಿರಿಯುತ್ತದೆ. ಕೊಪ್ಪದ ಅಂಗಳದವರೆಗೆ ಹೋಗಲಾಗದವರು ಇದನ್ನಾದರೂ ತಪ್ಪಿಸಿಕೊಳ್ಳಬೇಡಿ.

ಸುಗ್ಗಿಯಲ್ಲಿ ಹೆಂಗಸರು ಕುಣಿಯುವುದಿಲ್ಲವೇ?

ಸಂಪ್ರದಾಯದಲ್ಲಿ ಸುಗ್ಗಿ ಕುಣಿತ ಗಂಡಸರದ್ದು. ಹೆಂಗಸರಿಗೆ ತಾರ್ಲೆ, ಫುಗಡಿ ಎಂಬ ಕುಣಿತಗಳಿವೆ. ಅದಕ್ಕಿಂತ ದೊಡ್ಡದಾಗಿ ಪದಗಳಿವೆ, ಅಂದರೆ ಹಾಡುಗಳು. ಹಾಲಕ್ಕಿಗಳ ಕತೆಯ ಭಂಡಾರ ಇರುವುದು ಹೆಂಗಸರ ಬಾಯಲ್ಲಿ.

ಹಾಗಾದರೆ ಆ ಕತೆಗಳು ಯಾವುವು? ಎಲ್ಲಿ ಕೇಳಬಹುದು?

ಇದೇ ನನಗೆ ತುಂಬ ಇಷ್ಟದ ಪ್ರಶ್ನೆ, ಕೇಳುವವರು ಮಾತ್ರ ಕಡಿಮೆ.

ಹಾಲಕ್ಕಿ ಹೆಂಗಸರು ನೆಟ್ಟಿ, ಅಂದರೆ ಭತ್ತದ ನಾಟಿ ಮಾಡುವಾಗ ಪದ ಹೇಳುತ್ತಾರೆ, ಭತ್ತ ಕುಟ್ಟುವಾಗ ಹೇಳುತ್ತಾರೆ, ಮದುವೆಯಲ್ಲಂತೂ ಒಂದೊಂದು ಶಾಸ್ತ್ರಕ್ಕೂ ಪದ ಇದೆ. ಅರಿಸಿನ ಹಚ್ಚುವುದಕ್ಕೆ ಒಂದು, ಮದುಮಗಳನ್ನು ಕಳಿಸಿಕೊಡುವುದಕ್ಕೆ ಇನ್ನೊಂದು. ಒಬ್ಬಳು ಸಾಲು ಎತ್ತುತ್ತಾಳೆ, ಜತೆಗಾತಿ ಅದನ್ನೇ ಹಿಡಿದು ಹೇಳುತ್ತಾಳೆ. ಆ ಮರುಹೇಳಿಕೆಯ ಹೊತ್ತಿನಲ್ಲಿ ಮೊದಲಿನವಳು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಾಳೆ. ಹೀಗೆ ಕತೆ ಗಂಟೆಗಟ್ಟಲೆ ಸಾಗುತ್ತದೆ.

ರಾಮ, ಸೀತೆ, ಪಾಂಡವರು ಬರುತ್ತಾರೆ. ಆದರೆ ಈ ಪದಗಳಲ್ಲಿ ಯುದ್ಧಕ್ಕಿಂತ ಮನೆಯೇ ದೊಡ್ಡದು. ನೀರಿಗೆ ಹೋಗುವುದು, ತಲೆ ಬಾಚಿ ಹೂ ಮುಡಿಯುವುದು, ಎಲೆ ಹಾಕಿ ಬಡಿಸುವುದು, ತವರಿನ ದಾರಿ ಕಾಯುವುದು. ಪುರಾಣದ ರಾಣಿಯೂ ಇವರ ಬಾಯಲ್ಲಿ ಅಂಗಳ ಗುಡಿಸುತ್ತಾಳೆ, ಅತ್ತೆಯ ಮಾತಿಗೆ ಕಣ್ಣೊರೆಸಿಕೊಳ್ಳುತ್ತಾಳೆ.

ತಮ್ಮ ಹುಟ್ಟಿನ ಬಗ್ಗೆಯೂ ಅವರಲ್ಲಿ ಕತೆಯಿದೆ. ಈಶ್ವರ ಗದ್ದೆ ಹೂಡುತ್ತಿದ್ದನಂತೆ. ಪಾರ್ವತಿ ಹಾಲು, ಅಕ್ಕಿ ಸೇರಿಸಿ ಅಡುಗೆ ಮಾಡಿ ತೆಗೆದುಕೊಂಡು ಹೊರಟಳು. ಗಂಡ ಬರುವವರೆಗೆ ಹೊತ್ತು ಹೋಗಬೇಕಲ್ಲ, ಅದರಲ್ಲೇ ಒಂದಿಷ್ಟು ತೆಗೆದು ಗಂಡೊಂದು ಹೆಣ್ಣೊಂದು ಬೊಂಬೆ ಮಾಡಿದಳು. ಈಶ್ವರ ಬಂದು ನೋಡಿ ಅವಕ್ಕೆ ಜೀವ ಕೊಟ್ಟ. ಹೇಳುವ ಬಾಯಿ ಬದಲಾದಂತೆ ಕತೆಯೂ ಅಲ್ಪಸ್ವಲ್ಪ ಬದಲಾಗುತ್ತದೆ, ಆದರೆ ಗದ್ದೆ ಮಾತ್ರ ಯಾವಾಗಲೂ ಇರುತ್ತದೆ. ದೇವರು ಬೆವರು ಸುರಿಸಿ ಉಳುತ್ತಿದ್ದಾಗ ತಾವು ಹುಟ್ಟಿದೆವು ಎಂದು ಹೇಳಿಕೊಳ್ಳುವ ಜನ ಇವರು.

ಈ ಪದಗಳನ್ನು ನಾಡಿಗೆಲ್ಲ ಕೇಳಿಸಿದವರು ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ, ನಮ್ಮ ಸುಕ್ರಜ್ಜಿ. ಓದು ಬರಹ ಕಲಿತವರಲ್ಲ, ಎಲ್ಲವೂ ನೆನಪಿನಲ್ಲೇ ಇತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು, 2017ರಲ್ಲಿ ಪದ್ಮಶ್ರೀ ಬಂತು. ಹಿಂದೆ ಬಿದ್ದಿದ್ದ ತಾರ್ಲೆಯನ್ನು ಮತ್ತೆ ಕುಣಿಸಿದರು, ಸಾರಾಯಿ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ತುಳಸಿ ಗೌಡರು ಹೋಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಒಂದೇ ಚಳಿಗಾಲದಲ್ಲಿ ಇಬ್ಬರನ್ನೂ ಕಳೆದುಕೊಂಡ ನೋವು ಈ ತಾಲ್ಲೂಕಿಗೆ ಇನ್ನೂ ಆರಿಲ್ಲ.

ಕೇಳಬೇಕೆಂದರೆ ಮದುವೆಗೆ ಕರೆದರೆ ಹೋಗಿ, ಮಳೆಗಾಲದ ನೆಟ್ಟಿಯ ಹೊತ್ತಿಗೆ ಬನ್ನಿ. ಸುಗ್ಗಿಯಲ್ಲೂ ಸಂಜೆ ತಂಡ ಬೇರೆ ಮನೆಗೆ ಹೊರಟ ಮೇಲೆ ಜಗಲಿಯ ಮೇಲೆ ಕೂತ ಅಮ್ಮಂದಿರನ್ನು ‘ಒಂದು ಪದ ಹೇಳ್ತೀರಾ’ ಎಂದು ಕೇಳಿ ನೋಡಿ. ಮೊದಲು ನಾಚಿಕೊಳ್ಳುತ್ತಾರೆ. ಜತೆಗಾತಿ ಸಿಕ್ಕರೆ ಆಮೇಲೆ ನಿಲ್ಲಿಸುವುದೇ ಕಷ್ಟ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ, ಕುಮಟೆಯ ಎಲ್.ಆರ್. ಹೆಗಡೆ ಅವರಂಥವರು ಈ ಜಿಲ್ಲೆಯ ಪದ, ಕತೆಗಳನ್ನು ಊರೂರು ಅಲೆದು ಬರೆದಿಟ್ಟಿದ್ದಾರೆ. ಜಿಲ್ಲೆ ಅವರಿಗೆ ಋಣಿ. ಆದರೂ ಪುಸ್ತಕದಲ್ಲಿ ಆ ಎರಡನೆಯ ದನಿ ಇರುವುದಿಲ್ಲ.

ಭಾಷೆ ಅರ್ಥವಾಗುತ್ತದೆಯೇ?

ಅವರದ್ದು ಕನ್ನಡವೇ. ಹಿರಿಯರ ಮಾತು ಬೇಗ ಬೇಗ ಹೋಗುತ್ತದೆ, ಬಯಲುಸೀಮೆಯವರಿಗೆ ಮೊದಲು ಸ್ವಲ್ಪ ತೊಡಕು. ತುಸು ಹೊತ್ತು ಕೂತರೆ ಕಿವಿಗೆ ಹತ್ತುತ್ತದೆ.

ಇದು ಯಕ್ಷಗಾನದ ಒಂದು ಬಗೆಯೇ?

ಅಲ್ಲ. ಯಕ್ಷಗಾನಕ್ಕೆ ಭಾಗವತರು, ಪ್ರಸಂಗ, ಅರ್ಥಗಾರಿಕೆ ಬೇಕು. ಸುಗ್ಗಿ ಕುಣಿತದಲ್ಲಿ ಪಾತ್ರವೂ ಇಲ್ಲ, ಮಾತೂ ಇಲ್ಲ.

ಸುಗ್ಗಿ ಹಾಲಕ್ಕಿಗಳಿಗೆ ಮಾತ್ರ ಸೇರಿದ್ದೇ? ಜಿಲ್ಲೆಯ ಬೇರೆ ಬುಡಕಟ್ಟು ಕುಣಿತಗಳು?

ಸುಗ್ಗಿಯನ್ನು ಗ್ರಾಮ ಒಕ್ಕಲಿಗರು, ಕೋಮಾರಪಂತರು ಮುಂತಾದವರೂ ಕಟ್ಟುತ್ತಾರೆ. ವೇಷದಲ್ಲಿ, ಹೆಜ್ಜೆಯಲ್ಲಿ ವ್ಯತ್ಯಾಸ ಕಾಣುತ್ತೀರಿ. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿಗಳ ಡಮಾಮಿ ಕುಣಿತ ಇದೆ. ಭಟ್ಕಳದ ಗೊಂಡರಲ್ಲಿ ಢಕ್ಕೆ ಕುಣಿತ. ಅವು ಒಂದೊಂದೂ ಬೇರೆಯೇ ಲೋಕ, ಇಲ್ಲಿ ಒಂದೆರಡು ಸಾಲಿನಲ್ಲಿ ಹೇಳಿದರೆ ಅವಕ್ಕೆ ಅನ್ಯಾಯ ಮಾಡಿದಂತೆ.

ಹಾಲಕ್ಕಿಗಳು ಪರಿಶಿಷ್ಟ ಪಂಗಡದಲ್ಲಿ ಇದ್ದಾರೆಯೇ?

ಇಲ್ಲ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. ಸುಕ್ರಜ್ಜಿ ತಮಗೆ ಸಿಕ್ಕ ಪ್ರತಿ ಮಂತ್ರಿಯ ಮುಂದೂ ಇದನ್ನೇ ಕೇಳುತ್ತಿದ್ದರು, ತಮಗಾಗಿ ಏನನ್ನೂ ಕೇಳಲಿಲ್ಲ. ಇದೇ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಆ ಸ್ಥಾನ ಸಿಕ್ಕಿತು. ಹಾಲಕ್ಕಿಗಳ ಅರ್ಜಿ ಮಾತ್ರ ಬೆಂಗಳೂರಿಗೂ ದಿಲ್ಲಿಗೂ ಓಡಾಡಿಕೊಂಡೇ ಇದೆ. ಮೆರವಣಿಗೆಗೆ ತುರಾಯಿ ಬೇಕು ಎಂದು ಕರೆಸುವ ಸರಕಾರ ತುರಾಯಿ ಹೊತ್ತವನ ಮಗಳ ಓದಿನ ಬಗ್ಗೆಯೂ ಯೋಚಿಸಬೇಕು.

ಫೋಟೋ, ವಿಡಿಯೋ ತೆಗೆಯಬಹುದೇ?

ತಂಡದ ಹಿರಿಯರನ್ನು ಮೊದಲು ಕೇಳಿ. ‘ಗೌಡ್ರೇ, ಒಂದು ಫೋಟೋ ತೆಗೀಲಾ’ ಎಂದರೆ ಸಾಕು, ಬೇಡ ಎನ್ನುವವರು ವಿರಳ. ಸುತ್ತಿನ ಒಳಗೆ ನುಗ್ಗಬೇಡಿ. ತುರಾಯಿ ಮುಟ್ಟಬೇಡಿ, ನೋಟು ಸಿಕ್ಕಿಸಬೇಡಿ, ಅದು ಪೂಜೆ ಮಾಡಿ ಏರಿಸಿದ್ದು. ಸುಗ್ಗಿಯನ್ನು ಇಳಿಸುವ ಶಾಸ್ತ್ರ ನಡೆಯುವಾಗ ಕ್ಯಾಮೆರಾ ಒಳಗಿಡಿ.

ಹಿರಿಯ ಹೆಂಗಸರ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು. ಹಳೆ ತಲೆಮಾರಿನ ಹಾಲಕ್ಕಿ ಅಮ್ಮಂದಿರು ರವಿಕೆ ತೊಡದೆ, ಸೀರೆಯನ್ನು ಹೆಗಲ ಮೇಲೆ ಗಂಟು ಹಾಕಿ ಉಡುತ್ತಾರೆ, ಕೊರಳ ತುಂಬ ಮಣಿಸರ. ಅದು ಅವರ ದಿನನಿತ್ಯದ ಉಡುಗೆ. ಪೇಟೆಯಲ್ಲಿ ಸೊಪ್ಪು ಮಾರುತ್ತ ಕೂತವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದನ್ನು, ಅವರಿಗೇ ತಿಳಿಯದೆ ಆ ಚಿತ್ರ ಎಲ್ಲೆಲ್ಲೋ ಗೋಡೆ ಏರುವುದನ್ನು ಕಂಡಾಗ ಸಂಕಟವಾಗುತ್ತದೆ. ಮೊದಲು ಸೊಪ್ಪು ಕೊಳ್ಳಿ, ಮಾತಾಡಿ, ಕೇಳಿ. ಬೇಡ ಎಂದರೆ ಬೇಡ.

ದುಡ್ಡು ಎಷ್ಟು ಕೊಡಬೇಕು?

ಲೆಕ್ಕವಿಲ್ಲ. ನೀವು ನಿಂತ ಮನೆಯವರು ಕೊಟ್ಟಾದ ಮೇಲೆ ಹರಿವಾಣದಲ್ಲಿ ಹಾಕಿ. ತೆಂಗಿನಕಾಯಿ ತಂದರೆ ಇನ್ನೂ ಒಳ್ಳೆಯದು. ಎಸೆಯಬೇಡಿ.

ಸುಗ್ಗಿ ಕಡಿಮೆಯಾಗುತ್ತಿದೆಯೇ?

ಆಗುತ್ತಿದೆ. ಟಿವಿ, ಮೊಬೈಲು ಎಂದು ಬೈದು ಸುಮ್ಮನಾಗುವವರ ಜತೆ ನನ್ನ ಸಹಮತ ಇಲ್ಲ. ಹುಡುಗರಿಗೆ ಆಸೆ ಇದೆ, ಬಿಡುವು ಇಲ್ಲ. ಗೋವೆಯಲ್ಲೋ ಬೆಂಗಳೂರಲ್ಲೋ ಕೆಲಸದಲ್ಲಿರುವವನಿಗೆ ಹೋಳಿಗೆ ವಾರಗಟ್ಟಲೆ ರಜೆ ಯಾರು ಕೊಡುತ್ತಾರೆ? ಊರಲ್ಲೇ ಇರುವ ಹುಡುಗರಿಗೆ ಸರಿಯಾಗಿ ಮಾರ್ಚಿನಲ್ಲೇ ಪಿಯುಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆ. ತುರಾಯಿ, ಬಟ್ಟೆಯ ಖರ್ಚು ಬೇರೆ. ಹಿಂದೆ ಒಡೆಯರು, ಊರವರು ಹೊತ್ತುಕೊಳ್ಳುತ್ತಿದ್ದ ಪಾಲನ್ನು ಈಗ ತಂಡದವರೇ ಹೊರಬೇಕು.

ಇನ್ನೊಂದು ಕಾರಣ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸುಗ್ಗಿ ನಡೆಯುವುದು ಮನೆಗಳ ಸಾಲಿನ ಮೇಲೆ. ಯಾವ ಮನೆ ಮೊದಲು, ಯಾವುದರ ನಂತರ ಯಾವುದು ಎಂಬುದು ಹಿಂದಿನಿಂದ ಬಂದ ಕ್ರಮ. ಕಾರವಾರ, ಅಂಕೋಲೆಯ ಕಡಲಂಚಿನಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಊರುಗಳನ್ನು ಎಬ್ಬಿಸಿ ಖಾಲಿ ಮಾಡಿಸಿದರು, ಹೆದ್ದಾರಿ ಅಗಲವಾಯಿತು. ಮನೆಗಳು ಚದುರಿದಾಗ ಆ ಸಾಲೂ ತುಂಡಾಯಿತು. ಪುನರ್ವಸತಿಯ ನಿವೇಶನದಲ್ಲಿ ಮನೆಗೆ ಜಾಗ ಸಿಗುತ್ತದೆ, ಹದಿನೈದು ಜನ ಸುತ್ತು ಕಟ್ಟಿ ಕುಣಿಯುವಷ್ಟು ಅಂಗಳ ಸಿಗುವುದಿಲ್ಲ. ಇಷ್ಟಾದರೂ ಸುಗ್ಗಿ ಕಟ್ಟುವ ಕೊಪ್ಪಗಳಿವೆ. ರಾತ್ರಿ ಬಸ್ಸು ಹಿಡಿದು ಬಂದು, ಬೆಳಿಗ್ಗೆ ಗೆಜ್ಜೆ ಕಟ್ಟುವ ಹುಡುಗರಿದ್ದಾರೆ. ಅವರ ಮೇಲೆ ನನಗೆ ತುಂಬು ಅಭಿಮಾನ.

ನಮ್ಮ ಕನ್ನಡ ಸಂಘದ ಕಾರ್ಯಕ್ರಮಕ್ಕೆ ತಂಡ ಕರೆಸಬಹುದೇ?

ಕರೆಸಿ, ಅವರಿಗೂ ನಾಲ್ಕು ಕಾಸು ಸಿಗಲಿ. ಹಲವು ತಂಡಗಳು ಉತ್ಸವ, ಮೆರವಣಿಗೆಗಳಿಗೆ ಹೋಗಿ ಬಂದಿವೆ. ಆದರೆ ಐದು ನಿಮಿಷದ ‘ಜಾನಪದ ನೃತ್ಯ’ ಎಂದು ಎರಡು ಸಿನಿಮಾ ಹಾಡಿನ ನಡುವೆ ತುರುಕಬೇಡಿ. ಕನಿಷ್ಠ ಅರ್ಧ ಗಂಟೆ ಕೊಡಿ, ವೇದಿಕೆ ಬಿಟ್ಟು ಸಭಿಕರ ನಡುವೆ ನೆಲದ ಮೇಲೆ ಸುತ್ತು ಕಟ್ಟಲು ಜಾಗ ಕೊಡಿ. ಪದ ಹೇಳುವ ಇಬ್ಬರು ಹೆಂಗಸರನ್ನೂ ಕರೆಸಿ, ಅವರಿಗೆ ಬೇರೆಯೇ ಹೊತ್ತು ಇಡಿ. ಸಂಭಾವನೆ, ಪ್ರಯಾಣ, ಊಟದ ಮಾತನ್ನು ಮೊದಲೇ ಗೌಡರ ಬಳಿ ಬಿಡಿಸಿ ಆಡಿ, ವೇದಿಕೆಯ ಹಿಂದೆ ಕಾಯಿಸಬೇಡಿ. ಫಾಲ್ಗುಣದಲ್ಲಿ ಮಾತ್ರ ಕರೆಯಬೇಡಿ, ಆಗ ಅವರು ತಮ್ಮ ಅಂಗಳದಲ್ಲಿ ಇರಬೇಕು.

ವಿದೇಶದ ಸಂಘದವರು ಇನ್ನೆರಡು ಸಂಗತಿ ಗಮನಿಸಿ. ಗುಮಟೆಗೆ ಆಡಿನ ಚರ್ಮವೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಉಡದ ಚರ್ಮವನ್ನು ಗಡಿ ದಾಟಿಸುವುದು ಅಂತರರಾಷ್ಟ್ರೀಯ ಒಪ್ಪಂದದಡಿಯಲ್ಲೂ ನಿಷಿದ್ಧ. ನವಿಲುಗರಿಯನ್ನು ದೇಶದಾಚೆ ಒಯ್ಯಲೂ ನಿರ್ಬಂಧವಿದೆ, ಕುಂಚಕ್ಕೆ ಬೇರೆ ಏರ್ಪಾಟು ಮಾಡಬೇಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಕಲಾವಿದರು ತಲೆ ತಗ್ಗಿಸಿ ನಿಲ್ಲುವಂತಾಗಬಾರದು.

ಬರುವುದು ಹೇಗೆ? ಉಳಿಯಲು?

ಕೊಂಕಣ ರೈಲಿನಲ್ಲಿ ಅಂಕೋಲಾ, ಗೋಕರ್ಣ ರೋಡ್, ಕುಮಟಾ ನಿಲ್ದಾಣಗಳಿವೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೆ ಯಲ್ಲಾಪುರ, ಅರಬೈಲ್ ಘಟ್ಟದ ದಾರಿ. ಅಂಕೋಲೆಯಲ್ಲೋ ಕುಮಟೆಯಲ್ಲೋ ಉಳಿಯಿರಿ. ಗೋಕರ್ಣ ಹೋಳಿ ವಾರದಲ್ಲಿ ತುಂಬಿರುತ್ತದೆ. ಕೊಪ್ಪಕ್ಕೆ ರಿಕ್ಷಾ ಸಿಗುತ್ತದೆ, ರಾತ್ರಿ ಮರಳಲು ಮೊದಲೇ ಹೇಳಿಟ್ಟುಕೊಳ್ಳಿ. ಹತ್ತಿಯ ಬಟ್ಟೆ, ನೀರಿನ ಬಾಟಲಿ, ಟಾರ್ಚು ಇರಲಿ. ಕುಮಟೆಯಿಂದ ಹೋಗುವವರು ಅಳವೆಕೋಡಿ, ಹಂದಿಗೋಣದ ಬಳಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ ಕೊಂಡುಹೋಗಿ. ಮಾರ್ಚ್‌ನಲ್ಲೇ ಅದು ಪೇಟೆಗೆ ಬರತೊಡಗುತ್ತದೆ. ಬೆಳೆದವರೇ ಕೂತು ಮಾರುತ್ತಿರುತ್ತಾರೆ, ಚೌಕಾಸಿ ಮಾಡಬೇಡಿ.